ಕ್ರಿಯಾಪದದ ಬೆನ್ನಿಗಿರುವ ಪುಟ್ಟ ಪದ

ಗಿರಾಕಿಗಾಗಿ ಕಾಯುವುದು ಬೇರೆ, ಗಿರಾಕಿಗೆ ಬಡಿಸುವುದು ಬೇರೆ. ಮಾಟುಂಗದ ಯಾವ ಉಡುಪಿ ಹೋಟೆಲಿನ ಮಾಣಿಗೂ ಇದನ್ನು ಕಲಿಸಬೇಕಾಗಿಲ್ಲ. ಆದರೆ ಇಂಗ್ಲಿಷಿನಲ್ಲಿ ಈ ಎರಡಕ್ಕೂ ಕ್ರಿಯಾಪದ ಒಂದೇ: 'ವೇಟ್'. ಅದರ ಬೆನ್ನಿಗೆ 'ಫಾರ್' ಬಂದರೆ ಕಾಯುವುದು. 'ಆನ್' ಬಂದರೆ ಮೇಜಿನ ಬಳಿ ನಿಂತು ಉಪಚರಿಸುವುದು. 'ವೇಟರ್' ಎಂಬ ಹೆಸರಿನಲ್ಲಿರುವುದು ಈ ಎರಡನೆಯ ಅರ್ಥವೇ.

ಕೋಟೆ ಪ್ರದೇಶದ ಕಚೇರಿಗಳಲ್ಲಿ ದುಡಿಯುವ ಗುಮಾಸ್ತ ಬಂಧುಗಳಿಗೂ ಇದೇ ತೊಡಕು ಉಂಟು. ಸಭೆಗೆ ಹಾಜರಾಗುವುದು 'ಅಟೆಂಡ್'; ಬಂದ ದೂರಿಗೆ ಗಮನವಿತ್ತು ಕೆಲಸ ಮುಗಿಸುವುದು 'ಅಟೆಂಡ್ ಟು'. ಎರಡಕ್ಷರದ 'ಟು' ಬಿಟ್ಟುಹೋದರೆ ಮೇಲಧಿಕಾರಿಗೆ ಬೇರೆಯೇ ಅರ್ಥ ತೋರಬಹುದು.

ನಿಘಂಟಿನಲ್ಲಿ ಮೊದಲ ಪದವನ್ನಷ್ಟೇ ಹುಡುಕಿ ತೃಪ್ತರಾಗುವುದರಿಂದ ನಾವು ಎಡವುತ್ತೇವೆ. ಇಂತಹ ಜೋಡಿಗಳಲ್ಲಿ ಹಲವಕ್ಕೆ 'ಫ್ರೇಸಲ್ ವರ್ಬ್' ಎಂಬ ಹೆಸರನ್ನು 1925ರಲ್ಲಿ ಲೋಗನ್ ಪಿಯರ್ಸಲ್ ಸ್ಮಿತ್ ಎಂಬ ವಿದ್ವಾಂಸರು ತಮ್ಮ ಗ್ರಂಥದಲ್ಲಿ ಬಳಸಿದರು. ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಎ. ಎಸ್. ಹಾರ್ನ್‌ಬಿಯವರು ಸಹೋದ್ಯೋಗಿಗಳೊಡನೆ ರಚಿಸಿ, 1942ರಲ್ಲಿ ಪ್ರಕಟವಾದ ನಿಘಂಟು, ಕ್ರಿಯಾಪದಗಳು ವಾಕ್ಯದಲ್ಲಿ ಹೇಗೆ ಕೂಡುತ್ತವೆಂಬುದನ್ನೂ ಪರಭಾಷಿಕರಿಗೆ ತೋರಿಸಿತು.

ಇದು ನಮಗೆ ತೀರ ಅಪರಿಚಿತವೇನಲ್ಲ. ಕನ್ನಡದಲ್ಲಿ 'ಮಗುವನ್ನು ನೋಡು' ಎಂಬುದಕ್ಕೂ 'ಮಗುವನ್ನು ನೋಡಿಕೊ' ಎಂಬುದಕ್ಕೂ ಎಷ್ಟು ಅಂತರ! ನಾವು ಕ್ರಿಯಾಪದಕ್ಕೆ 'ಕೊಳ್ಳು' ಸೇರಿಸಿ ಸಾಧಿಸುವುದನ್ನು ಇಂಗ್ಲಿಷರು ಪುಟ್ಟ ಪದದಿಂದ ಸಾಧಿಸುತ್ತಾರೆ. 'ಲುಕ್ ಅಟ್' ಎಂದರೆ ನೋಡು, 'ಲುಕ್ ಆಫ್ಟರ್' ಎಂದರೆ ನೋಡಿಕೊ, 'ಲುಕ್ ಫಾರ್' ಎಂದರೆ ಹುಡುಕು, 'ಲುಕ್ ಇನ್‌ಟು' ಎಂದರೆ ವಿಚಾರಿಸು.

ಹಾಗೆಂದು ಎಲ್ಲೆಡೆಯೂ ಪುಟ್ಟ ಪದವನ್ನು ಅಂಟಿಸುವುದೂ ತಪ್ಪು. 'ವಿಷಯದ ಬಗ್ಗೆ ಚರ್ಚಿಸು' ಎಂಬ ನಮ್ಮ ರೂಢಿಯಿಂದ 'ಡಿಸ್ಕಸ್ ಅಬೌಟ್' ಎಂದು ಬರೆಯುವವರು ಅನೇಕರು. ಅಲ್ಲಿ 'ಡಿಸ್ಕಸ್' ಒಂದೇ ಸಾಕು. ಕೋಣೆಯನ್ನು ಹೊಗುವುದು ಬರಿಯ 'ಎಂಟರ್'. ಕರಾರಿಗೆ ಒಳಪಡುವುದು 'ಎಂಟರ್ ಇನ್‌ಟು'.

ಇದು ಬರಿಯ ವ್ಯಾಕರಣದ ಮಾತಲ್ಲ, ಅನ್ನದ ಮಾತೂ ಹೌದು. ಬಿಲ್ಲು ಬರೆಯುವುದು 'ಮೇಕ್ ಔಟ್'; ಆಸ್ತಿಯನ್ನು ಪರರ ಹೆಸರಿಗೆ ಮಾಡಿಕೊಡುವುದು 'ಮೇಕ್ ಓವರ್'. ಕೆಲಸಗಾರನಿಗೆ ಸಂಬಳ ಕೊಡುವುದು 'ಪೇ'. ಲೆಕ್ಕ ತೀರಿಸಿ ಕೆಲಸದಿಂದ ಬಿಡಿಸುವುದು 'ಪೇ ಆಫ್'. ಈ ಭೇದವನ್ನರಿಯದೆ ಕಾಗದಕ್ಕೆ ರುಜು ಹಾಕಿದವನ ಪಾಡನ್ನು ವಾಚಕರೇ ಊಹಿಸಬಹುದು.

1902ರಲ್ಲಿ ಸ್ಥಾಪನೆಗೊಂಡ ಮೊಗವೀರ ವ್ಯವಸ್ಥಾಪಕ ಮಂಡಳಿಯಂತಹ ಸಂಸ್ಥೆಗಳು ಈ ನಗರದಲ್ಲಿ ರಾತ್ರಿ ಶಾಲೆಗಳನ್ನು ನಡೆಸಿದುದು ವ್ಯರ್ಥವಾಗಲಿಲ್ಲ. ಹಗಲಲ್ಲಿ ಲೋಟ ತೊಳೆದ ಕೈಗಳೇ ಅಲ್ಲಿ ಲೇಖನಿ ಹಿಡಿದವು. ಆ ಹಂಬಲ ನಮ್ಮಲ್ಲಿ ಉಳಿದಿರಲಿ. ದಿನಕ್ಕೊಂದು ಕ್ರಿಯಾಪದವನ್ನು ಅದರ ಪುಟ್ಟ ಪದದೊಡನೆಯೇ, ನಮ್ಮ ಕೆಲಸಕ್ಕೆ ಸಂಬಂಧಿಸಿದ ಒಂದು ವಾಕ್ಯದಲ್ಲಿಟ್ಟು, ಕಿಸೆಯ ಪುಸ್ತಕದಲ್ಲಿ ಬರೆದುಕೊಳ್ಳೋಣ. ರುಜು ಹಾಕುವ ಮುನ್ನ ಕ್ರಿಯಾಪದದ ಬೆನ್ನಿಗೆ ಏನಿದೆಯೆಂದು ಒಮ್ಮೆ ನೋಡೋಣ.