ಗೇಟು ಮುಚ್ಚಿದಾಗ ಹುಟ್ಟುವ ದ್ವೀಪ

ಭಾನುವಾರ ಬೆಳಿಗ್ಗೆ ಆರೂವರೆಗೆ ಲಿಂಗರಾಜಪುರದಿಂದ ಸೈಕಲ್ ಹತ್ತಿ ಹೊರಟರೆ, ಪುಲಕೇಶಿನಗರ ದಾಟಿ ರಸೆಲ್ ಮಾರುಕಟ್ಟೆಯ ಬಳಿ ಬರುವ ಹೊತ್ತಿಗೆ ಕಿವಿ ತುಂಬಿ ಹೋಗಿರುತ್ತದೆ. ಹೂವಿನ ಮೂಟೆ ಇಳಿಸುವ ಆಟೋಗಳು, ಶಿವಾಜಿನಗರದ ಬಸ್ಸುಗಳು, ಹಿಂದಿನಿಂದ ಸುಮ್ಮನೆ ಒತ್ತುವ ಹಾರನ್ನು. ಮಿನ್ಸ್ಕ್ ಚೌಕ ದಾಟಿ ಕಬ್ಬನ್ ಪಾರ್ಕಿನ ಒಳಗೆ ಚಕ್ರ ಇಟ್ಟ ಕೂಡಲೇ ಒಂದು ವಿಚಿತ್ರ ನಡೆಯುತ್ತದೆ: ನಮ್ಮದೇ ಸೈಕಲ್ಲಿನ ಚೈನು ಕೇಳಿಸುತ್ತದೆ. ಎಣ್ಣೆ ಹಾಕದೆ ಎಷ್ಟು ದಿನವಾಯಿತು ಎಂಬುದು ಅಲ್ಲಿಯವರೆಗೆ ಗೊತ್ತೇ ಆಗಿರುವುದಿಲ್ಲ.

ಸರ್ವಜ್ಞನಗರ ನಕ್ಷೆಯಲ್ಲಿ ವಿಧಾನಸಭಾ ಕ್ಷೇತ್ರದ ಹೆಸರು. ಜನರ ಬಾಯಲ್ಲಿ ಅದು ಕಮ್ಮನಹಳ್ಳಿ, ಬಾಣಸವಾಡಿ, ಲಿಂಗರಾಜಪುರ. ಈ ಕಡೆಯ ಮಕ್ಕಳಿಗೆ ಸೈಕಲ್ ಕಲಿಸಲು ಖಾಲಿ ರಸ್ತೆ ಹುಡುಕುವುದೆಂದರೆ ಬಾಡಿಗೆ ಮನೆ ಹುಡುಕಿದ ಹಾಗೆ. ಸಿಕ್ಕಿದ್ದು ದೂರ, ಹತ್ತಿರದ್ದು ಸಿಗದು. ಹಾಗಾಗಿ ಭಾನುವಾರಗಳಂದು, ಸರಕಾರಿ ರಜೆಗಳಂದು ಕಬ್ಬನ್ ಪಾರ್ಕಿನೊಳಗೆ ವಾಹನ ಬಿಡದಿರುವುದು ನಮಗೆ ದೊಡ್ಡ ಸಂಗತಿ.

ಪ್ರವಾಸದ ಪುಸ್ತಕಗಳಲ್ಲಿ ಸೈಕಲ್ ಸ್ವರ್ಗ ಎಂದರೆ ಸಾಮಾನ್ಯವಾಗಿ ದ್ವೀಪವೇ. ಅದರಲ್ಲೂ ಜ್ವಾಲಾಮುಖಿ ಎಬ್ಬಿಸಿದ, ಕಾಡು ಮುಚ್ಚಿದ ದ್ವೀಪ. ದಕ್ಷಿಣ ಕೊರಿಯಾದ ಜೇಜು ಹಾಗಿದೆ. ನಡುವೆ ಸುಮಾರು 1,950 ಮೀಟರ್ ಎತ್ತರದ ಹಲ್ಲಾಸಾನ್ ಶಿಖರ, ಸುತ್ತ ಕರಾವಳಿಗುಂಟ 234 ಕಿಲೋಮೀಟರಿನ ಸೈಕಲ್ ದಾರಿ, ದಾರಿ ತೋರಿಸಲು ನೆಲದ ಮೇಲೆ ನೀಲಿ ಗೆರೆ. ಚಿತ್ರದಲ್ಲಿ ನೋಡಿದರೆ ಸಮುದ್ರದಂಚಿನ ದಾರಿ ತಟ್ಟೆಯ ಅಂಚಿನಂತೆ ಸಪಾಟು. ಆದರೆ ಜ್ವಾಲಾಮುಖಿ ಬೆಟ್ಟಗಳ ಗುಣ ಬೇರೆ. ನೆತ್ತಿಯ ಮೇಲೆ ಸುರಿದ ಮಳೆ ಕೊಡೆಯ ಕಡ್ಡಿಗಳಂತೆ ಎಲ್ಲ ದಿಕ್ಕಿಗೂ ಹರಿದು, ಬೆಟ್ಟವನ್ನು ಸುತ್ತಲೂ ಸೀಳುತ್ತದೆ. ಅಂಚಿನಲ್ಲಿ ಸುತ್ತುವವನು ಆ ಸೀಳುಗಳನ್ನು ಒಂದೊಂದಾಗಿ ದಾಟಬೇಕು. ಮಳೆ ಹೆಚ್ಚಿದ್ದು ಕಲ್ಲು ಹಳೆಯದಾದಷ್ಟೂ ಸೀಳು ಆಳ, ಏರಿಳಿತ ಜಾಸ್ತಿ. ಬೆಟ್ಟ ಹತ್ತದೆಯೇ ಬೆಟ್ಟ ಹತ್ತಿದಷ್ಟು ದಣಿವು.

ಹಾಗಿದ್ದರೂ ಜನ ದ್ವೀಪಕ್ಕೇ ಯಾಕೆ ಹೋಗುತ್ತಾರೆ? ಅಮೆರಿಕದ ಮ್ಯಾಕಿನಾ ದ್ವೀಪ ಇದಕ್ಕೆ ಉತ್ತರ ಕೊಡುತ್ತದೆ. ಅಲ್ಲಿ ಜ್ವಾಲಾಮುಖಿಯಿಲ್ಲ, ಸುಣ್ಣಕಲ್ಲಿನ ನೆಲ; ಸುತ್ತಳತೆ ಸುಮಾರು 13 ಕಿಲೋಮೀಟರ್. 1898ರಲ್ಲೇ ಅಲ್ಲಿ ಮೋಟಾರು ಗಾಡಿಗಳನ್ನು ನಿಷೇಧಿಸಿದರು, ಕುದುರೆಗಳು ಬೆದರುತ್ತವೆ ಎಂದು. ಇಂದಿಗೂ ಅಲ್ಲಿ ಕುದುರೆಗಾಡಿ, ಸೈಕಲ್, ಕಾಲು. ನಿಷೇಧ ಉಳಿದಿದ್ದು ನಡುವೆ ನೀರಿದೆ ಎಂಬ ಕಾರಣಕ್ಕೆ ಎಂದು ನನ್ನ ಊಹೆ. ದೋಣಿ ಹತ್ತಿಸಿದರೆ ಮಾತ್ರ ಕಾರು ಬರಬಹುದಾದ ಜಾಗದಲ್ಲಿ 'ಬೇಡ' ಎನ್ನುವುದು ಸುಲಭ. ಸೈಕಲ್ಲಿಗೆ ಬೇಕಾದದ್ದು ಸಮುದ್ರವಲ್ಲ, ಬಾಗಿಲು.

ನಮ್ಮ ರಾಜ್ಯದಲ್ಲಿ ಅಕ್ಷರಶಃ ಜ್ವಾಲಾಮುಖಿ ದ್ವೀಪ ಬೇಕೆಂದರೆ ಮಲ್ಪೆಯಿಂದ ದೋಣಿ ಹಿಡಿಯಬೇಕು. ಸೇಂಟ್ ಮೇರೀಸ್ ದ್ವೀಪಗಳ ಆರು ಮೂಲೆಯ ಕಲ್ಲುಕಂಬಗಳು, ಮಡಗಾಸ್ಕರ್ ಭಾರತದಿಂದ ಬಿಡಿಸಿಕೊಂಡು ಹೋಗುತ್ತಿದ್ದ ಕಾಲದ, ಸುಮಾರು 8.8 ಕೋಟಿ ವರ್ಷ ಹಿಂದಿನ ಲಾವಾ. ವಾಹನವಿಲ್ಲ, ತೆಂಗಿನ ನೆರಳಿದೆ, ಸುತ್ತ ನೀರೂ ಇದೆ. ಆದರೆ ಸೈಕಲ್ ಒಯ್ದರೆ ಹತ್ತಿ ಕೂರುವಷ್ಟರಲ್ಲಿ ದ್ವೀಪವೇ ಮುಗಿಯುತ್ತದೆ. ಅದು ನಡೆಯುವವರ ಜಾಗ.

ಕಬ್ಬನ್ ಪಾರ್ಕು ಸಮುದ್ರವಿಲ್ಲದ ದ್ವೀಪ. 1870ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರಾಗಿದ್ದ ರಿಚರ್ಡ್ ಸ್ಯಾಂಕಿ ಇದನ್ನು ರೂಪಿಸಿದಾಗ, ಒಂದು ಕಡೆ ಹಳೆಯ ಪೇಟೆ, ಇನ್ನೊಂದು ಕಡೆ ದಂಡು. ಎರಡು ಊರುಗಳು ಒಂದನ್ನೊಂದು ಮುಟ್ಟದಂತೆ ನಡುವೆ ಬಿಟ್ಟ ಹಸಿರು. ಮೊದಲು ಮೀಡ್ಸ್ ಪಾರ್ಕ್, ಆಮೇಲೆ ಕಬ್ಬನ್, 1927ರಿಂದ ಕಾಗದದ ಮೇಲೆ ಶ್ರೀ ಚಾಮರಾಜೇಂದ್ರ ಉದ್ಯಾನ. ಎರಡು ಊರು ಒಂದಾದ ಮೇಲೆ ನಡುವಿನ ಹಸಿರು ಅಡ್ಡದಾರಿಯಾಯಿತು. ಈಗ ಸುಮಾರು 300 ಎಕರೆ ಎನ್ನುವ ಈ ತೋಟದ ಒಳದಾರಿಗಳು ವಾರದ ದಿನಗಳಲ್ಲಿ ಕಚೇರಿಗೆ ಹೋಗುವವರ ಪಾಲು. 2020ರ ಲಾಕ್‌ಡೌನಿನಲ್ಲಿ ವಾಹನ ಪೂರಾ ನಿಂತಾಗ, ಹಾಗೇ ಇರಲಿ ಎಂದು ಅನೇಕರು ಕೇಳಿಕೊಂಡರು. ಆಮೇಲೆ ವಾರದ ದಿನಗಳಿಗೆ ಗೇಟು ತೆರೆಯಿತು.

ಹೀಗೆ ಗಡಿಯಾರ ನೋಡಿ ಹುಟ್ಟಿ ಮುಗಿಯುವ ದ್ವೀಪವನ್ನು ದೊಡ್ಡ ಮಟ್ಟದಲ್ಲಿ ಮಾಡಿ ತೋರಿಸಿದ್ದು ಕೊಲಂಬಿಯಾದ ಬೊಗೊಟಾ. 1974ರಲ್ಲಿ ಶುರುವಾದ ಅಲ್ಲಿಯ 'ಸಿಕ್ಲೊವಿಯಾ'ದಲ್ಲಿ ಈಗ ಪ್ರತಿ ಭಾನುವಾರ ಬೆಳಿಗ್ಗೆ ಏಳರಿಂದ ಮಧ್ಯಾಹ್ನ ಎರಡರವರೆಗೆ ನೂರಿಪ್ಪತ್ತಕ್ಕೂ ಹೆಚ್ಚು ಕಿಲೋಮೀಟರ್ ರಸ್ತೆ ಜನರಿಗೆ ಬಿಟ್ಟದ್ದು. ನಮ್ಮಲ್ಲಿ 2013ರ ಅಕ್ಟೋಬರಿನಲ್ಲಿ ನಗರ ಭೂಸಾರಿಗೆ ನಿರ್ದೇಶನಾಲಯ 'ಸೈಕಲ್ ದಿನ' ಆರಂಭಿಸಿತು. ಕಬ್ಬನ್ ಪಾರ್ಕಿನಿಂದ ಹೊರಟು ಬಡಾವಣೆಗಳಿಗೆ ಹರಡಿತು. 2020ರಲ್ಲಿ ಹೊರವರ್ತುಲ ರಸ್ತೆಯಲ್ಲಿ ಸಿಲ್ಕ್ ಬೋರ್ಡಿನಿಂದ ಕೆ.ಆರ್. ಪುರದವರೆಗೆ ಗೂಟ ನೆಟ್ಟು ಸೈಕಲ್ ಪಟ್ಟಿಯನ್ನೂ ಮಾಡಿದರು. ಗೂಟಗಳು ಬಹಳ ದಿನ ಬಾಳಲಿಲ್ಲ. ಬಣ್ಣದ ಗೆರೆಗಿಂತ ಮುಚ್ಚಿದ ಗೇಟೇ ವಾಸಿ ಎಂದು ನನಗೆ ಅನಿಸಿದ್ದು ಅದನ್ನು ನೋಡಿದ ಮೇಲೆ.

ಈ ಪೂರ್ವದ ಕಡೆಗೆ ಸೈಕಲ್ ಹೊಸದೇನಲ್ಲ. 1940ರಲ್ಲಿ ಹುಟ್ಟಿದ ಎಚ್‌ಎಎಲ್, 1948ರಲ್ಲಿ ದೂರವಾಣಿನಗರಕ್ಕೆ ಬಂದ ಐಟಿಐ, ಬೈಯಪ್ಪನಹಳ್ಳಿಯ ಎನ್‌ಜಿಇಎಫ್, ಈ ಕಾರ್ಖಾನೆಗಳ ಸೈರನ್ ಹೊಡೆದರೆ ಗೇಟಿನಿಂದ ಹೊಳೆಯಂತೆ ಹೊರಬರುತ್ತಿದ್ದದ್ದು ಸೈಕಲ್ಲುಗಳು. ಕ್ಯಾರಿಯರಿನಲ್ಲಿ ಟಿಫನ್ ಡಬ್ಬಿ, ಮುಂದೆ ಡೈನಮೊ ದೀಪ. ಹಲಸೂರು, ಇಂದಿರಾನಗರದ ಹಳಬರನ್ನು ಕೇಳಿ: ದೀಪವಿಲ್ಲದೆ, ಡಬಲ್ಸ್ ಹೊಡೆದು ಪೊಲೀಸರ ಕೈಗೆ ಸಿಕ್ಕ ಕತೆ ಒಂದಾದರೂ ಇರುತ್ತದೆ.

ಈಗ ಜ್ವಾಲಾಮುಖಿಯ ವಿಷಯಕ್ಕೆ ಬರೋಣ. ಬೆಂಗಳೂರು ನಿಂತಿರುವುದು ಲಾವಾ ಮೇಲಲ್ಲ. ಲಾಲ್‌ಬಾಗಿನ ಬಂಡೆಯಲ್ಲಿ ಕಾಣುವ, ಬಿಳಿ-ಬೂದು ಪಟ್ಟೆಗಳ ನೈಸ್ ಶಿಲೆಯ ಮೇಲೆ. ಈ ನೈಸ್ ಶಿಲೆಯನ್ನೇ ಸಮುದ್ರ ಎಂದುಕೊಂಡರೆ, ಪೂರ್ವಕ್ಕೆ ಅದರ ನಡುವೆ ಒಂದು ಕಡುಹಸಿರು ದ್ವೀಪವಿದೆ. ಉತ್ತರ-ದಕ್ಷಿಣವಾಗಿ ಸುಮಾರು 80 ಕಿಲೋಮೀಟರ್ ಉದ್ದ, ಅಗಲ ಮಾತ್ರ ಕೆಲವೇ ಕಿಲೋಮೀಟರ್. ಅದೇ ಕೋಲಾರದ ಪದರುಶಿಲೆಯ ಪಟ್ಟಿ. ಸುಮಾರು 270 ಕೋಟಿ ವರ್ಷಗಳ ಹಿಂದೆ ನೀರಿನಡಿ ಉಕ್ಕಿದ ಲಾವಾ ಅದು. ಸೇಂಟ್ ಮೇರೀಸಿನ ಕಂಬಗಳು ಇದರ ಮುಂದೆ ಮೊನ್ನೆ ಮೊನ್ನೆಯ ಕೂಸು.

ನೀರಿನಡಿ ಎಂದು ಹೇಗೆ ಗೊತ್ತು? ಕಲ್ಲಿನ ಆಕಾರದಿಂದ. ಕಾದ ಲಾವಾ ತಣ್ಣೀರಿಗೆ ತಾಗಿದ ಕ್ಷಣ ಹೊರಮೈ ಗಾಜಿನಂತೆ ಗಟ್ಟಿಯಾಗುತ್ತದೆ, ಒಳಗೆ ಇನ್ನೂ ಬಿಸಿರಸ. ಸಿಪ್ಪೆ ಬಿರಿದಲ್ಲಿ ಮತ್ತೊಂದು ಉಂಡೆ ಉಬ್ಬುತ್ತದೆ, ಅದರ ಮೇಲೆ ಮತ್ತೊಂದು. ಕೊನೆಗೆ ಮಂಡಿಯಲ್ಲಿ ಒಟ್ಟಿದ ಅಕ್ಕಿ ಮೂಟೆಗಳಂತೆ ಕಾಣುವ ರಾಶಿ. ಭೂವಿಜ್ಞಾನಿಗಳು ಇದನ್ನು ದಿಂಬು ಲಾವಾ ಎನ್ನುತ್ತಾರೆ. ಮೂಟೆಯ ತಳ ಕೆಳಗಿನ ಎರಡು ಮೂಟೆಗಳ ಸಂದಿಗೆ ಚೂಪಾಗಿ ಇಳಿದಿರುತ್ತದೆ. ಹಾಗಾಗಿ ಪದರ ತಲೆಕೆಳಗಾಗಿದ್ದರೂ ಯಾವುದು ಮೇಲಿತ್ತು, ಯಾವುದು ಕೆಳಗಿತ್ತು ಎಂದು ಓದಬಹುದು. ಕೋಲಾರದ ಚಿನ್ನದ ಗಣಿಯೂರು ಕೆಜಿಎಫ್ ಬಳಿಯ ಪೆದ್ದಪಲ್ಲಿಯಲ್ಲಿ ಇಂಥ ಲಾವಾವನ್ನೂ ಸ್ಫೋಟದಲ್ಲಿ ಸಿಡಿದ ಚೂರುಗಳ ಶಿಲೆಯನ್ನೂ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ.

ಈ ದ್ವೀಪಕ್ಕೂ ನಮ್ಮ ದಂಡಿಗೂ ಹಳೆಯ ನಂಟು. ಐರಿಷ್ ಸಿಪಾಯಿ ಮೈಕೆಲ್ ಫಿಟ್ಜ್‌ಜೆರಾಲ್ಡ್ ಲವೆಲ್ ನ್ಯೂಜಿಲೆಂಡಿನ ಮಾವೊರಿ ಯುದ್ಧ ಮುಗಿಸಿ ಬಂದು ಬೆಂಗಳೂರು ದಂಡಿನಲ್ಲಿ ನೆಲೆಸಿದ್ದವನು. ಜ್ವಾಲಾಮುಖಿಗಳ ದೇಶ ನೋಡಿ ಬಂದವನಿಗೆ ಚಿನ್ನದ ಹುಚ್ಚೂ ಅಲ್ಲೇ ಹತ್ತಿತ್ತು. ಕೋಲಾರದ ಚಿನ್ನದ ಬಗ್ಗೆ ಲೆಫ್ಟಿನೆಂಟ್ ವಾರೆನ್ ಬರೆದಿದ್ದ 1804ರ ವರದಿ ಓದಿ, 1871ರಲ್ಲಿ ಎತ್ತಿನ ಗಾಡಿ ಕಟ್ಟಿಸಿಕೊಂಡು ಸುಮಾರು 60 ಮೈಲಿ ಹೋದ. 1875ರಲ್ಲಿ ಪರವಾನಗಿಯೂ ಸಿಕ್ಕಿತು. ದುಡ್ಡು ಸಾಲದೆ ಬೇರೆಯವರಿಗೆ ಬಿಟ್ಟುಕೊಟ್ಟ. ಲವೆಲ್ ರಸ್ತೆ ಎಂದು ನಾವು ಕಾಫಿ ಕುಡಿಯಲು ಹೋಗುವ ಬೀದಿ ಇವನದೇ ಹೆಸರಿನದು. ಅವನು ಬಿಟ್ಟುಕೊಟ್ಟ ಗಣಿ ಮುಂದೆ ಬೆಳೆಯಿತು: ಶಿವನಸಮುದ್ರದ ವಿದ್ಯುತ್ತು ಅಲ್ಲಿಗೆ 1902ರಲ್ಲೇ ಮುಟ್ಟಿತು, ಬೆಂಗಳೂರಿನ ಬೀದಿದೀಪ ಉರಿದದ್ದು 1905ರಲ್ಲಿ. ಮೂರು ಕಿಲೋಮೀಟರಿಗೂ ಆಳ ಇಳಿದಿದ್ದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು.

ಎತ್ತಿನ ಗಾಡಿಯ ದಾರಿಯಲ್ಲೇ ಸೈಕಲ್ ಹೊಡೆಯಬಹುದೇ? ಬೇಡ ಎನ್ನುತ್ತೇನೆ. ಹಲಸೂರಿನಿಂದ ಟಿನ್ ಫ್ಯಾಕ್ಟರಿ, ಕೆ.ಆರ್. ಪುರದ ತೂಗುಸೇತುವೆ, ಹೊಸಕೋಟೆಯವರೆಗಿನ ಹಳೆ ಮದ್ರಾಸು ರಸ್ತೆ ಲಾರಿಗಳದು. ಇಲ್ಲಿ ರೈಲೇ ದೋಣಿ. ದಂಡು ನಿಲ್ದಾಣದಲ್ಲೋ ಕೆ.ಆರ್. ಪುರದಲ್ಲೋ ಸೈಕಲ್ ಸಾಗಿಸುವ ನಿಯಮ ಮೊದಲೇ ಕೇಳಿಕೊಂಡು ಬಂಗಾರಪೇಟೆಗೆ ಹೋಗಿ. ಅಲ್ಲಿಂದ ಗಣಿಗೆಂದೇ 1894ರಲ್ಲಿ ಹಾಕಿದ ಹಳಿ ಮಾರಿಕುಪ್ಪಂವರೆಗೆ ಇದೆ. ಆಚೆ ಹಳ್ಳಿ ರಸ್ತೆಗಳು, ನೀಲಗಿರಿ ತೋಪು, ಕೆರೆ ಏರಿ, ಗಣಿಯ ತ್ಯಾಜ್ಯದ ಬೂದು ದಿಬ್ಬಗಳು. ಅಲ್ಲಿ ಗೇಟಿಲ್ಲ, ವಾಹನ ಬರುವುದೂ ಉಂಟು. ಆದರೆ ಎರಡು ಮೋಟಾರ್ ಸೈಕಲ್ಲುಗಳ ನಡುವೆ ಚೈನಿನ ಸದ್ದು ಕೇಳುವಷ್ಟು ಬಿಡುವು ಸಿಗುತ್ತದೆ. ಕಾಡು ಎಂದರೆ ಕುರುಚಲು, ನೆರಳು ಕಡಿಮೆ. ನೀರು ಹೆಚ್ಚಿಗೆ ಇಟ್ಟುಕೊಳ್ಳಿ. ದಿಬ್ಬಗಳ ಮೇಲೆ ಹತ್ತಬೇಡಿ. ಅದು ಚಿನ್ನ ಬೇರ್ಪಡಿಸಲು ಸಯನೈಡ್ ಬಳಸಿದ ಮಣ್ಣು, ಗಾಳಿಗೆ ಹಾರುತ್ತದೆ.

ಜುಲೈ ತಿಂಗಳಾದರೆ ಪಶ್ಚಿಮದ ಗಾಳಿ ಹೋಗುವಾಗ ಬೆನ್ನಿಗಿರುತ್ತದೆ. ಅದನ್ನು ನಂಬಿ ವಾಪಸು ಬರುವಾಗಲೂ ಸೈಕಲ್ಲಿನಲ್ಲೇ ಬರುತ್ತೇನೆಂದು ಒಮ್ಮೆ ಹೊರಟೆ. ಅದೇ ಗಾಳಿ ಎದೆಗೆ ಬಡಿಯಿತು, ಇಳಿಜಾರಿನಲ್ಲೂ ಪೆಡಲ್ ತುಳಿಯಬೇಕಾಯಿತು. ಬಂಗಾರಪೇಟೆಯಲ್ಲೇ ಸೋತು ಪ್ಲಾಟ್‌ಫಾರಂ ಮೇಲೆ ಕೂತೆ. ರೈಲು ಬರಲು ಇನ್ನೂ ಒಂದು ಗಂಟೆಯಿತ್ತು.