ಕೊಂಡಿ ಕಳಚದಿರಲಿ
ಇಳಕಲ್ ಸೀರೆಯ ಸೆರಗಿನಲ್ಲಿ ಬಾಳುತ್ತಿರುವ ವಿದ್ಯೆ

ಉತ್ತರ ಕರ್ನಾಟಕದ ಮನೆಯೊಂದರಲ್ಲಿ ಚೊಚ್ಚಲ ಬಸುರಿಗೆ ಕುಬಸದ ಸಂಭ್ರಮ. ತವರಿನವರು ತಂದ ಹಸಿರು ಸೀರೆಯನ್ನುಟ್ಟು, ಕೈತುಂಬ ಹಸಿರು ಬಳೆ ತೊಟ್ಟು ಹೆಣ್ಣುಮಗಳು ಮಣೆಯ ಮೇಲೆ ಕುಳಿತಿದ್ದಾಳೆ. ಮುತ್ತೈದೆಯರು ಒಬ್ಬೊಬ್ಬರಾಗಿ ಬಂದು ಅಕ್ಕಿ, ಕೊಬ್ಬರಿ, ಉತ್ತತ್ತಿ, ಅರಿಸಿನದ ಕೊಂಬು, ಖಣಗಳಿಂದ ಉಡಿ ತುಂಬುತ್ತಾರೆ. ಅವಳು ತಲೆತಗ್ಗಿಸಿ ಎರಡೂ ಕೈಗಳಿಂದ ಮುಂದೊಡ್ಡುವುದು ತನ್ನ ಸೆರಗನ್ನು.

ಒಡಲು ಹಸಿರಾದರೂ ಆ ಸೆರಗು ಮಾತ್ರ ಕೆಂಪು. ಕೆಂಪಿನ ನಡುವೆ ಬಿಳಿಯ ಚಿತ್ತಾರ. ಹೊಸಬರ ಕಣ್ಣಿಗೆ ಅದು ಬಣ್ಣದ ಚೆಲುವಷ್ಟೇ. ಬಲ್ಲವರಿಗಾದರೋ ಅಲ್ಲಿ ಒಂದು ವಿದ್ಯೆಯೇ ಅಡಗಿದೆ. ಆ ವಿದ್ಯೆಯ ಅಳಿವು ಉಳಿವುಗಳ ಪ್ರಶ್ನೆ ಇಂದು ಎದುರಾಗಿದೆ.

೧೯೯೭ರವರೆಗೆ ವಿಜಾಪುರ ಜಿಲ್ಲೆಗೆ ಸೇರಿದ್ದು, ಈಗ ಬಾಗಲಕೋಟೆ ಜಿಲ್ಲೆಯಲ್ಲಿರುವ ಇಳಕಲ್ ಪಟ್ಟಣಕ್ಕೆ ಎರಡು ಕೀರ್ತಿಗಳು. ಒಂದು, ನೆಲದಿಂದ ತೆಗೆಯುವ ಕೆಂಪು ಗ್ರಾನೈಟ್ ಶಿಲೆ. ಇನ್ನೊಂದು, ಅದೇ ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲಿಳಿಬಿಟ್ಟು ಕುಳಿತು ನೇಕಾರನು ನೇಯುವ ಸೀರೆ. ಒಡಲು, ದಡಿ, ಸೆರಗು ಎಂದು ಇದಕ್ಕೆ ಮೂರು ಅಂಗಗಳು. ದಾಳಿಂಬೆಯ ಕೆಂಪು, ನವಿಲಿನ ಹಸಿರು, ಗಿಳಿಯ ಹಸಿರು ಒಡಲಿನ ಮೆಚ್ಚಿನ ಬಣ್ಣಗಳು. ದಡಿಯಲ್ಲಿ ಗೋಮಿ, ಚಿಕ್ಕಿ ಪರಾಸ, ಗಾಡಿ ಎಂಬ ಬಗೆಗಳಿವೆ. ಸೆರಗಿನಲ್ಲಿ ಜೋಳದ ತೆನೆ, ಕೋಟೆಯ ಕೊತ್ತಳ, ಬಾಚುವ ಹಣಿಗೆ, ಬೆಟ್ಟದ ಸಾಲುಗಳನ್ನು ನೆನಪಿಸುವ ವಿನ್ಯಾಸಗಳು ಮೂಡುತ್ತವೆ. ಮೂರು ಕೆಂಪು ಪಟ್ಟಿಗಳ ನಡುವೆ ಎರಡು ಬಿಳಿಯ ಭಾಗಗಳಿರುವ ‘ಟೋಪ ತೆನಿ’ ಸೆರಗು ಇವೆಲ್ಲಕ್ಕೂ ಹಿರಿಯದು. ಎರೆಯ ಹೊಲ, ಕೋಟೆ, ಗುಡ್ಡ, ಹೀಗೆ ಆ ಸೀಮೆಯ ಬದುಕೇ ಹೆಣ್ಣಿನ ಹೆಗಲೇರಿ ಕುಳಿತಿದೆ ಎಂದರೆ ಉತ್ಪ್ರೇಕ್ಷೆಯಾಗದು.

ಕೊಂಡಿಯ ಮರ್ಮ

ಬಹುಪಾಲು ಸೀರೆಗಳಲ್ಲಿ ಒಂದೇ ಹಾಸು ಮೊದಲಿನಿಂದ ಕೊನೆಯವರೆಗೂ ಸಾಗುತ್ತದೆ. ಬಣ್ಣ ಬದಲಾಗುವುದು ಹೊಕ್ಕಿನಲ್ಲಿ ಮಾತ್ರ. ಇಳಕಲ್ ಸೀರೆಯ ಮರ್ಯಾದೆಯೇ ಬೇರೆ. ಒಡಲಿನ ಹಾಸು ಹತ್ತಿಯದು, ಸೆರಗಿನ ಹಾಸು ರೇಷ್ಮೆಯದು. ಈ ಎರಡು ಹಾಸುಗಳನ್ನು ಎಳೆಗೆ ಎಳೆ ಕುಣಿಕೆಯಾಗಿಸಿ, ಒಂದರೊಳಗೊಂದನ್ನು ತೊಡರಿಸಿ ಕೂಡಿಸಲಾಗುತ್ತದೆ. ಹೊಲಿಗೆಯಿಲ್ಲ, ಸೂಜಿಯ ಹಂಗಿಲ್ಲ. ಇದೇ ‘ಕೊಂಡಿ’. ಸಾವಿರಾರು ಎಳೆಗಳನ್ನು ಹೀಗೆ ಕೈಯಿಂದಲೇ ಕೂಡಿಸಬೇಕಾದುದರಿಂದ ಕಣ್ಣು, ಬೆರಳು, ತಾಳ್ಮೆ ಮೂರೂ ಒಂದಾಗಬೇಕು.

ಈ ಕೊಂಡಿಯ ಬೆಲೆ ದೊಡ್ಡದು. ಒಂದೇ ಹಾಸಿನಲ್ಲಿ ಹಲವು ಸೀರೆಗಳನ್ನು ಒಂದರ ಹಿಂದೊಂದರಂತೆ ನೇಯುವ ಅನುಕೂಲ ಇಲ್ಲಿಲ್ಲ. ಪ್ರತಿಯೊಂದು ಸೀರೆಗೂ ಹೊಸದಾಗಿ ಹಾಸು ಹೂಡಬೇಕು. ಪ್ರತಿಯೊಂದಕ್ಕೂ ಸೆರಗು ಕೂಡಿಸಬೇಕು. ಕೈಮಗ್ಗದಲ್ಲಿ ಒಂದು ಸೀರೆ ಮುಗಿಯಲು ಹೆಚ್ಚುಕಡಿಮೆ ಒಂದು ವಾರವೇ ಹಿಡಿಯುತ್ತದೆ. ಲಾಳಿ ಎಸೆಯುವವನು ಒಬ್ಬನೇ ಕಂಡರೂ ಕಂಡಿಕೆ ಸುತ್ತುವುದು, ಹಾಸು ಅಣಿಗೊಳಿಸುವುದು ಮೊದಲಾದ ಕೆಲಸಗಳಲ್ಲಿ ಮನೆಯ ಹೆಂಗಸರ ದುಡಿಮೆ ಹಾಸುಹೊಕ್ಕಾಗಿದೆ. ಕೂಲಿಯ ಲೆಕ್ಕ ಬರೆಯುವಾಗ ಆ ದುಡಿಮೆ ಎಷ್ಟೋ ಬಾರಿ ಲೆಕ್ಕಕ್ಕೇ ಬಾರದು.

ಹೆಸರು ಉಳಿದು ವಿದ್ಯೆ ಅಳಿದರೆ?

ವಿದ್ಯುನ್ಮಗ್ಗಕ್ಕೆ ಈ ತಾಳ್ಮೆ ಒಗ್ಗದು. ಒಂದೇ ಹಾಸನ್ನು ಉದ್ದಕ್ಕೂ ಓಡಿಸಿ, ಸೆರಗಿನ ಚಿತ್ತಾರವನ್ನು ಮೇಲುನೋಟಕ್ಕೆ ಹೋಲುವಂತೆ ನೇಯ್ದೋ ಅಚ್ಚೊತ್ತಿಯೋ ಮಾರುವುದು ಸುಲಭ. ಅದನ್ನು ನೇಯುವವರೂ ಹೊಟ್ಟೆಪಾಡಿನವರೇ. ಹೊಲದಲ್ಲಿ ದುಡಿಯುವ ಹೆಣ್ಣಿಗೆ ಅಗ್ಗದ ಸೀರೆ ದೊರೆಯುವುದೂ ತಪ್ಪಲ್ಲ. ತಪ್ಪು ಇರುವುದು ಒಂದನ್ನು ಇನ್ನೊಂದರ ಹೆಸರಿನಲ್ಲಿ ಮಾರುವುದರಲ್ಲಿ. ಆಗ ವಾರದ ದುಡಿಮೆಯೂ ಗಂಟೆಗಳ ದುಡಿಮೆಯೂ ಒಂದೇ ತಕ್ಕಡಿಯಲ್ಲಿ ತೂಗಲ್ಪಡುತ್ತವೆ, ಸೋಲುವುದು ಕೊಂಡಿ. ತಂದೆಯ ಕೂಲಿಯನ್ನು ಕಂಡ ಮಗ ಮಗ್ಗದ ಕುಣಿಗೆ ಇಳಿಯಲೊಪ್ಪದಿದ್ದರೆ ಅವನನ್ನು ದೂರುವವರಾರು?

ಕಾನೂನಿನ ಆಸರೆ ಇಲ್ಲವೆಂದಲ್ಲ. ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಟ್ಟ ಶಾಸನ ೧೯೮೫ರಲ್ಲಿ ಬಂದಿತು. ೧೯೯೯ರ ಭೌಗೋಳಿಕ ಸೂಚಕ ಶಾಸನದ ಮೇರೆಗೆ ಇಳಕಲ್ ಸೀರೆಗೂ, ಆ ಸೀರೆಗಳಿಗೆ ಮೆರುಗು ಕೊಡುವ ಕಸೂತಿಗೂ ಮುಂದಿನ ದಶಕದಲ್ಲಿ ಮನ್ನಣೆ ದೊರೆಯಿತು. ಜೀವಂತ ಪರಂಪರೆಯ ರಕ್ಷಣೆಗಾಗಿ ಯುನೆಸ್ಕೋ ೨೦೦೩ರಲ್ಲಿ ರೂಪಿಸಿದ ಒಡಂಬಡಿಕೆಗೆ ಭಾರತವು ೨೦೦೫ರಲ್ಲಿ ಸೇರಿತು. ಇವೆಲ್ಲ ಸ್ವಾಗತಾರ್ಹವೇ. ಆದರೆ ಶಾಸನವು ಹೆಸರನ್ನು ಕಾಯಬಲ್ಲದು. ಬೆರಳಿನ ನೆನಪನ್ನು ಕಾಯಲಾರದು.

ಕಸೂತಿಯ ಕಥೆಯೇ ಇದಕ್ಕೆ ನಿದರ್ಶನ. ಗವಂತಿ, ಮುರಗಿ, ನೇಗಿ, ಮೆಂತಿ ಎಂಬ ನಾಲ್ಕು ಹೊಲಿಗೆಗಳಲ್ಲಿ, ಬಟ್ಟೆಯ ಮೇಲೆ ಗೆರೆ ಹಾಕಿಕೊಳ್ಳದೆ, ಎಳೆಗಳನ್ನೆಣಿಸಿಯೇ ಗೋಪುರ, ತೇರು, ತುಳಸಿಕಟ್ಟೆ, ಆನೆಗಳನ್ನು ಮೂಡಿಸುವ ಕಲೆ ಅದು. ಮದುವಣಗಿತ್ತಿಗಾಗಿ ಕಪ್ಪು ‘ಚಂದ್ರಕಾಳಿ’ ಸೀರೆಯ ಮೇಲೆ ಅದನ್ನು ಹಾಕುತ್ತಿದ್ದರು. ಪುಸ್ತಕ ನೋಡಿ ಯಾರೂ ಅದನ್ನು ಕಲಿತಿರಲಿಲ್ಲ. ತಾಯಿಯ ಪಕ್ಕದಲ್ಲಿ ಕುಳಿತು ಕಲಿತಿದ್ದರು.

ಹಾಗೆಂದು ಪರಂಪರೆ ಎಂದರೆ ಕಲ್ಲಾಗಿ ನಿಲ್ಲುವುದೂ ಅಲ್ಲ. ಗಿಡಮೂಲಿಕೆಯ ಬಣ್ಣಗಳ ಜಾಗಕ್ಕೆ ರಾಸಾಯನಿಕ ಬಣ್ಣಗಳು ಬಂದವು. ರೇಷ್ಮೆಯ ಜೊತೆಗೆ ‘ಚಮಕಾ’ ಎಂಬ ಕೃತಕ ರೇಷ್ಮೆ ಸೇರಿತು. ಕಚ್ಚೆ ಹಾಕಿ ಉಡುವ ಒಂಬತ್ತು ಗಜ ಆರು ಗಜಕ್ಕಿಳಿಯಿತು. ಇಷ್ಟೆಲ್ಲ ಬದಲಾದರೂ ಸೀರೆ ಸತ್ತಿಲ್ಲ. ಎಳ್ಳಮಾವಾಸ್ಯೆಯಂದು ಚರಗ ಚೆಲ್ಲಲು ಹೊಲಕ್ಕೆ ಹೊರಡುವ ಹೆಂಗಸರ ತಲೆಯ ಮೇಲೆ ಆ ಕೆಂಪು ಸೆರಗನ್ನು ಇಂದಿಗೂ ಕಾಣಬಹುದು. ಬಣ್ಣ, ನೂಲು, ಉದ್ದಗಳು ಕಾಲಕ್ಕೆ ತಕ್ಕಂತೆ ಬದಲಾಗಲಿ. ಕೊಂಡಿಯೊಂದು ಹೋದರೆ ಮಾತ್ರ ಉಳಿಯುವುದು ಇಳಕಲ್ಲಿನ ಹೆಸರೇ ಹೊರತು ಇಳಕಲ್ಲಿನ ಸೀರೆಯಲ್ಲ.

ಆದುದರಿಂದ ರಕ್ಷಣೆಯು ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆಯಲ್ಲಿ ಮುಗಿಯತಕ್ಕದ್ದಲ್ಲ. ಕೊಂಡಿ ಕೂಡಿಸುವ ಕೈಗೂ ಕಂಡಿಕೆ ಸುತ್ತುವ ಕೈಗೂ ಪ್ರತ್ಯೇಕ ಕೂಲಿ ಸಲ್ಲಬೇಕು. ಕಲಿಯಬಂದ ಹುಡುಗ ಹುಡುಗಿಯರಿಗೆ ಕಲಿಕೆಯ ದಿನಗಳಲ್ಲೂ ಅನ್ನದ ದಾರಿಯಿರಬೇಕು. ಕೊಳ್ಳುವವರ ಹೊಣೆಯೂ ಕಡಿಮೆಯದಲ್ಲ. ಅಂಗಡಿಯಲ್ಲಿ ಸೀರೆಯನ್ನು ಬಿಡಿಸಿ, ಒಡಲು ಸೆರಗುಗಳು ಸೇರುವ ಗೆರೆಯನ್ನು ಬೆರಳಿನಿಂದ ಮುಟ್ಟಿ ನೋಡಲಿ. ಒಡಲಿನ ಹಾಸೆಳೆ ಸೆರಗಿನೊಳಗೂ ಮುಂದುವರಿದಿದ್ದರೆ ಅಲ್ಲಿ ಕೊಂಡಿಯಿಲ್ಲ. ಅಲ್ಲಿಗೇ ನಿಂತು ಬೇರೆ ಎಳೆಯ ಕೈಹಿಡಿದಿದ್ದರೆ ಅದು ಕುಣಿಮಗ್ಗದ ಕೂಸು. ಅದಕ್ಕೆ ತಕ್ಕ ಬೆಲೆ ಕೊಡಲು ಹಿಂಜರಿಯದಿರಲಿ.

ಉಡಿಯ ಭಾರವನ್ನು ಹೊರುವುದು ಸೆರಗು. ಸೆರಗನ್ನು ಹಿಡಿದಿರುವುದು ಕೊಂಡಿ. ಆ ಕೊಂಡಿಯನ್ನು ಹಾಕುವವನ ಮನೆಯ ಉಡಿ ಬರಿದಾಗದಂತೆ ನೋಡಿಕೊಳ್ಳುವುದು ಸೀರೆ ಉಡುವ ನಾಡಿನ ಕರ್ತವ್ಯ.