ಪಾಪವೂ ಪಾಪಿಯೂ: ಕ್ರೈಸ್ತಸಭೆಗಳೊಳಗಿನ ಒಂದು ವಾದದ ವಿಮರ್ಶೆ

ಪಾಪವನ್ನು ದ್ವೇಷಿಸಿ ಪಾಪಿಯನ್ನು ಪ್ರೀತಿಸಬೇಕೆಂಬ ನೀತಿ ಕ್ರೈಸ್ತಮತದ ಉಪದೇಶಗಳಲ್ಲಿ ಬಹುಕಾಲದಿಂದ ರೂಢವಾಗಿರುವುದು. ಕೇಳುವುದಕ್ಕೆ ಇದು ನಿರ್ವಿವಾದವಾಗಿ ತೋರುವುದಾದರೂ, ಸಲಿಂಗಾನುರಾಗದ ವಿಷಯದಲ್ಲಿ ಇದನ್ನು ಅನ್ವಯಿಸಹೊರಟಲ್ಲಿ ಆ ಮತದವರಲ್ಲಿಯೇ ತೀವ್ರವಾದ ಭಿನ್ನಾಭಿಪ್ರಾಯ ತಲೆದೋರಿದೆ. ಪ್ರೀತಿಸಬೇಕೆಂಬುದನ್ನು ಉಭಯಪಕ್ಷದವರೂ ಒಪ್ಪುವರು. ಹಾಗಿದ್ದ ಮೇಲೆ ವಿವಾದವು ಯಾವುದರಲ್ಲಿ ಎಂಬುದನ್ನು ನಿರ್ಣಯಿಸುವುದೇ ಈ ಲೇಖನದ ಉದ್ದೇಶ.

ಈ ವಿಚಾರವು ದೂರದೇಶದ್ದೆಂದು ತಳ್ಳಿಹಾಕತಕ್ಕದ್ದಲ್ಲ. ಹೊಸಕೋಟೆ, ದೇವನಹಳ್ಳಿ, ದೊಡ್ಡಬಳ್ಳಾಪುರ, ನೆಲಮಂಗಲ ಈ ನಾಲ್ಕು ತಾಲ್ಲೂಕುಗಳ ಕ್ಯಾಥೊಲಿಕರು ಬೆಂಗಳೂರಿನ ಮಹಾಧರ್ಮಪ್ರಾಂತ್ಯಕ್ಕೆ ಸೇರಿದವರು; ಆ ಮೂಲಕ ರೋಮಿನ ಶಾಸನಕ್ಕೆ ಒಳಪಟ್ಟವರು. 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ಸ್ಥಾಪಿತವಾದ ದಕ್ಷಿಣ ಭಾರತ ಸಭೆಯಾದರೋ ಆಂಗ್ಲಿಕನ್ ಸಭೆಗಳ ಜಾಗತಿಕ ಒಕ್ಕೂಟದ ಅಂಗವಾಗಿದೆ. ರೋಮಿನಲ್ಲಿಯೂ ಆಂಗ್ಲಿಕನ್ ಬಿಷಪ್ಪರ ಲ್ಯಾಂಬೆತ್ ಸಮ್ಮೇಳನದಲ್ಲಿಯೂ ಆಗುವ ನಿರ್ಣಯಗಳು ಕಡೆಗೆ ಈ ಊರುಗಳ ದೇವಾಲಯಗಳಲ್ಲಿ ಕನ್ನಡದ ಮಾತಾಗಿ ಕೇಳಿಬರತಕ್ಕವು.

ಮೊದಲು ನೀತಿವಾಕ್ಯದ ಮೂಲವನ್ನು ನೋಡತಕ್ಕದ್ದು. ಐದನೆಯ ಶತಮಾನದ ಆದಿಭಾಗದಲ್ಲಿ ಆಗಸ್ಟಿನ್ ಎಂಬ ಆಚಾರ್ಯನು ಕನ್ಯಾಮಠವೊಂದರ ಸೋದರಿಯರಿಗೆ ಬರೆದ ಪತ್ರದಲ್ಲಿ, ತಪ್ಪನ್ನು ತಿದ್ದುವಾಗ ಮನುಷ್ಯರಲ್ಲಿ ಪ್ರೀತಿಯೂ ದೋಷಗಳಲ್ಲಿ ದ್ವೇಷವೂ ಇರಬೇಕೆಂದು ವಿಧಿಸಿದ್ದಾನೆ. ಸಂದರ್ಭವು ಗಮನಾರ್ಹವಾದುದು. ಅಲ್ಲಿ ತಿದ್ದುವವಳೂ ತಿದ್ದಿಸಿಕೊಳ್ಳುವವಳೂ ಒಂದೇ ಮನೆಯಲ್ಲಿ ಒಂದೇ ಪಂಕ್ತಿಯಲ್ಲಿ ಉಣ್ಣುವವರು. ಇಂದು ತಿದ್ದಿದವಳು ನಾಳೆ ತಿದ್ದಿಸಿಕೊಳ್ಳಬೇಕಾದವಳು. ಗಾಂಧಿಯವರು ತಮ್ಮ ಆತ್ಮಕಥೆಯಲ್ಲಿ ಇದೇ ನೀತಿಯನ್ನು ಎತ್ತಿಕೊಂಡು, ಅದರ ಅರ್ಥವು ಸುಲಭವಾದರೂ ಆಚರಣೆಯು ವಿರಳವೆಂದು ಎಚ್ಚರಿಸಿರುವರು.

ಇನ್ನು ಪಕ್ಷಪ್ರತಿಪಕ್ಷಗಳು. ಪೂರ್ವಪಕ್ಷವು ಹೀಗಿದೆ: ಯಾಜಕಕಾಂಡದ 18 ಮತ್ತು 20ನೆಯ ಅಧ್ಯಾಯಗಳೂ, ಪೌಲನ ಪತ್ರಿಕೆಗಳೂ ಸಲಿಂಗಸಂಗವನ್ನು ನಿಷೇಧಿಸುತ್ತವೆ, ನಿಷೇಧವು ಕ್ರಿಯೆಗೆ, ವ್ಯಕ್ತಿಗಲ್ಲ, ಆದುದರಿಂದ ಕ್ರಿಯೆಯನ್ನು ಪಾಪವೆಂದು ಹೇಳುತ್ತಲೇ ವ್ಯಕ್ತಿಯನ್ನು ಪ್ರೀತಿಸುವುದು ಸಾಧ್ಯ, ಅಪಾಯವನ್ನು ಕಂಡೂ ಸುಮ್ಮನಿರುವುದು ಪ್ರೀತಿಯ ಲಕ್ಷಣವಲ್ಲ. 1992ರಲ್ಲಿ ಪ್ರಕಟವಾದ ಕ್ಯಾಥೊಲಿಕ ಧರ್ಮೋಪದೇಶಗ್ರಂಥವು ಈ ಮಾರ್ಗವನ್ನೇ ಹಿಡಿದು, ಕ್ರಿಯೆಗಳನ್ನು ಅಂಗೀಕರಿಸದೆ, ವ್ಯಕ್ತಿಗಳನ್ನು ಗೌರವದಿಂದಲೂ ಕನಿಕರದಿಂದಲೂ ಕಾಣಬೇಕೆಂದೂ ಅನ್ಯಾಯವಾದ ಭೇದವನ್ನು ಎಣಿಸಕೂಡದೆಂದೂ ವಿಧಿಸುತ್ತದೆ. 1998ರ ಲ್ಯಾಂಬೆತ್ ಸಮ್ಮೇಳನವು 70ಕ್ಕೆ ಪ್ರತಿಯಾಗಿ 526 ಮತಗಳಿಂದ ಅಂಗೀಕರಿಸಿದ ನಿರ್ಣಯದಲ್ಲಿಯೂ ಈ ಎರಡು ಎಳೆಗಳಿವೆ. ಆಚರಣೆಯು ವೇದವಿರುದ್ಧವೆಂದು ಒಂದು ವಾಕ್ಯದಲ್ಲಿ ನಿಷೇಧ. ಅವರ ಅನುಭವವನ್ನು ಆಲಿಸಬೇಕು, ಅವರು ದೇವರ ಪ್ರೀತಿಗೆ ಪಾತ್ರರು ಎಂದು ಇನ್ನೊಂದರಲ್ಲಿ ಆಶ್ವಾಸನೆ.

ಪ್ರತಿಪಕ್ಷದವರು ಎರಡು ಆಕ್ಷೇಪಗಳನ್ನು ತರುವರು. ಮೊದಲನೆಯದು ಶಬ್ದಾರ್ಥಕ್ಕೆ ಸಂಬಂಧಿಸಿದುದು. ಕೊರಿಂಥದವರಿಗೆ ಪೌಲನು ಬರೆದ ಮೊದಲ ಪತ್ರಿಕೆಯ 6ನೆಯ ಅಧ್ಯಾಯದಲ್ಲಿ ಬರುವ 'ಅರ್ಸೆನೊಕೊಯ್ತೈ' ಎಂಬುದು 'ಪುರುಷ' ಮತ್ತು 'ಶಯ್ಯೆ' ಎಂಬರ್ಥದ ಎರಡು ಗ್ರೀಕ್ ಪದಗಳ ಸಮಾಸ. ಪೌಲನಿಗೆ ಹಿಂದೆ ಇದರ ಪ್ರಯೋಗ ಸಿಕ್ಕುವುದಿಲ್ಲವೆಂಬಷ್ಟು ವಿರಳ. ಯಾಜಕಕಾಂಡದ ಗ್ರೀಕ್ ಭಾಷಾಂತರದಲ್ಲಿ ಈ ಎರಡು ಪದಗಳೂ ಒಂದೆಡೆ ಬರುವುದರಿಂದ ಸಮಾಸವು ಅಲ್ಲಿಂದಲೇ ಹುಟ್ಟಿತೆಂದು ಪೂರ್ವಪಕ್ಷದವರು ಸಾಧಿಸುವರು. ಅದು ಬಾಲಕರನ್ನೂ ದಾಸರನ್ನೂ ಭೋಗಕ್ಕೆ ಬಳಸಿದವರನ್ನು ಕುರಿತದ್ದು, ಪರಸ್ಪರ ನಿಷ್ಠೆಯಿಂದ ಬಾಳುವವರನ್ನು ಕುರಿತದ್ದಲ್ಲವೆಂದು ಪ್ರತಿಪಕ್ಷದವರು ವಾದಿಸುವರು. ಅವಯವಾರ್ಥವು ಸ್ಪಷ್ಟವಾದರೂ ರೂಢ್ಯರ್ಥವು ಸಂದಿಗ್ಧವಾಗಿರುವಲ್ಲಿ ಇಂತಹ ವಾದವು ಅನಿವಾರ್ಯ.

ಎರಡನೆಯ ಆಕ್ಷೇಪವು ತರ್ಕದ್ದು. ಇದೇ ಹೆಚ್ಚು ಬಲವಾದುದು. ಕೋಲು ಹಿಡಿದವನಿಗೂ ಕೋಲಿಗೂ ಇರುವುದು ಸಂಯೋಗಸಂಬಂಧ; ಕೋಲನ್ನು ಕೆಳಗಿಟ್ಟರೂ ಮನುಷ್ಯನು ಉಳಿಯುವನು. ಬಟ್ಟೆಗೂ ಅದರ ಬಣ್ಣಕ್ಕೂ ಇರುವುದು ಸಮವಾಯಸಂಬಂಧ. ಬಣ್ಣವನ್ನು ಕಿತ್ತು ಪಕ್ಕಕ್ಕಿಡುವುದಕ್ಕೆ ಬರುವುದಿಲ್ಲ. ಕಳವನ್ನು ಕಳ್ಳನಿಂದ ಬೇರ್ಪಡಿಸಿ ದ್ವೇಷಿಸುವುದು ಸುಲಭ, ಏಕೆಂದರೆ ಅದು ಕೋಲಿನಂತೆ. ಒಬ್ಬನ ಅನುರಾಗವು ಕೋಲೋ ಬಣ್ಣವೋ? ಮನುಷ್ಯನು ಯಾರನ್ನು ಪ್ರೀತಿಸಬಲ್ಲನೋ ಆ ಶಕ್ತಿಯನ್ನೇ ದೂಷಿಸಿ, ಅವನನ್ನು ದೂಷಿಸಲಿಲ್ಲವೆಂದರೆ ಅವನು ನಂಬುವುದು ಹೇಗೆಂದು ಪ್ರತಿಪಕ್ಷದವರು ಕೇಳುವರು. ಬಣ್ಣವು ಸಹಜವೆಂದೇ ಒಪ್ಪಿದರೂ ಅದರಂತೆ ನಡೆಯುವುದು ಇಚ್ಛಾಧೀನವೆಂದೂ, ಬ್ರಹ್ಮಚರ್ಯವನ್ನು ಸಭೆಯು ಅನೇಕರಿಗೆ ವಿಧಿಸಿದೆಯೆಂದೂ ಪೂರ್ವಪಕ್ಷದವರ ಸಮಾಧಾನ. ತಾನಾಗಿ ವರಿಸಿದ ವ್ರತವೂ ಹುಟ್ಟಿನಿಂದಲೇ ಹೇರಿದ ವ್ರತವೂ ಸಮಾನವಲ್ಲವೆಂದು ಇದಕ್ಕೆ ಮರುನುಡಿ. ವಿವಾದದ ಮರ್ಮವು ಇಲ್ಲಿರುವುದು. ಪ್ರೀತಿಯ ವಿಷಯದಲ್ಲಲ್ಲ, ಪಾಪವೆಂಬುದು ವ್ಯಕ್ತಿಯಿಂದ ಬೇರ್ಪಡತಕ್ಕದ್ದೇ ಎಂಬುದರಲ್ಲಿ.

ಈ ವಾದವು ಭಾರತದಲ್ಲಿ ಪರೀಕ್ಷೆಗೊಳಗಾದುದು ನ್ಯಾಯಸ್ಥಾನದಲ್ಲಿ. 1860ರ ದಂಡಸಂಹಿತೆಯ 377ನೆಯ ಕಲಮು ಪ್ರಕೃತಿವಿರುದ್ಧವೆಂದು ಕರೆದ ಸಂಗಕ್ಕೆ ಆಜೀವಕಾರಾವಾಸದವರೆಗೆ ಶಿಕ್ಷೆಯನ್ನು ವಿಧಿಸಿತ್ತು. 2009ರ ಜುಲೈ 2ರಂದು ದೆಹಲಿಯ ಉಚ್ಚನ್ಯಾಯಾಲಯವು ಒಪ್ಪಿಗೆಯುಳ್ಳ ವಯಸ್ಕರನ್ನು ಇದರಿಂದ ಬಿಡಿಸಿತು. 2013ರ ಡಿಸೆಂಬರ್ 11ರಂದು ಸರ್ವೋಚ್ಚನ್ಯಾಯಾಲಯವು ಆ ತೀರ್ಪನ್ನು ತಳ್ಳಿಹಾಕಿತು. 2018ರ ಸೆಪ್ಟೆಂಬರ್ 6ರಂದು ಐವರು ನ್ಯಾಯಾಧೀಶರ ಪೀಠವು ಅವರನ್ನು ಮತ್ತೆ ಬಿಡಿಸಿತು. ಕ್ರೈಸ್ತರ ಕೆಲವು ಸಂಘಗಳು, ಉತ್ಕಲ ಕ್ರೈಸ್ತ ಪರಿಷತ್ತು ಮೊದಲಾದವು, ಕಲಮು ಉಳಿಯಬೇಕೆಂದು ವಾದಿಸಿದುವು. ಆದರೆ ಮುಂಬಯಿಯ ಕಾರ್ಡಿನಲ್ ಓಸ್ವಾಲ್ಡ್ ಗ್ರೇಸಿಯಸರು 2013ರಲ್ಲಿ, ಸಲಿಂಗವಿವಾಹವನ್ನು ಒಪ್ಪದೆಯೇ, ಇವರನ್ನು ಸಭೆಯು ಅಪರಾಧಿಗಳೆಂದು ಎಣಿಸಿಲ್ಲವೆಂದು ಸಾರಿದರು. ಬೆಂಗಳೂರಿನಲ್ಲಿ 1957ರಲ್ಲಿ ಸ್ಥಾಪಿತವಾದ ಧರ್ಮ ಮತ್ತು ಸಮಾಜದ ಅಧ್ಯಯನಕ್ಕಾಗಿರುವ ಕ್ರೈಸ್ತ ಸಂಸ್ಥೆಯು 2015ರಲ್ಲಿ ಸಭೆಯೊಳಗಿನ ಸಲಿಂಗದ್ವೇಷವನ್ನೇ ವಿಮರ್ಶಿಸುವ ಲೇಖನಸಂಗ್ರಹವೊಂದರ ಪ್ರಕಟಣೆಯಲ್ಲಿ ಪಾಲ್ಗೊಂಡಿತು. ಇದಕ್ಕೆ ಮೊದಲೇ ಇಂಗ್ಲೆಂಡಿನಲ್ಲಿ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಮೈಕೇಲ್ ರ್‍ಯಾಮ್ಸೆಯವರು ಕ್ರಿಯೆಯನ್ನು ದೋಷವೆಂದು ಎಣಿಸಿಯೂ 1967ರಲ್ಲಿ ಅದರ ಶಿಕ್ಷೆಯನ್ನು ತೆಗೆದುಹಾಕಿದ ಶಾಸನಕ್ಕೆ ಬೆಂಬಲವಿತ್ತಿದ್ದರು.

ಪಾಪವೂ ಅಪರಾಧವೂ ಒಂದಲ್ಲವೆಂಬ ವಿವೇಕವು ಕನ್ನಡನಾಡಿಗೆ ಹೊಸದಲ್ಲ. ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಮಿತಾಕ್ಷರೆಯನ್ನು ರಚಿಸಿದ ವಿಜ್ಞಾನೇಶ್ವರನು ವ್ಯಾಖ್ಯಾನಿಸಿದ ಯಾಜ್ಞವಲ್ಕ್ಯಸ್ಮೃತಿಯಲ್ಲಿ ವ್ಯವಹಾರವು ಒಂದು ಅಧ್ಯಾಯ, ಪ್ರಾಯಶ್ಚಿತ್ತವು ಬೇರೊಂದು. ಕೆಲವು ಕೃತ್ಯಗಳು ಎರಡರಲ್ಲಿಯೂ ಬರುವುವಾದರೂ, ರಾಜನ ದಂಡಕ್ಕೂ ಮನಸ್ಸಿನ ಶುದ್ಧಿಗೂ ಬಾಗಿಲುಗಳು ಬೇರೆ. ಮನುಸ್ಮೃತಿಯು ಸಲಿಂಗಸಂಗಕ್ಕೆ ಒಂದೆಡೆ ಉಟ್ಟ ಬಟ್ಟೆಯಲ್ಲಿಯೇ ಸ್ನಾನವೆಂಬ ಲಘುಪ್ರಾಯಶ್ಚಿತ್ತವನ್ನೂ, ಇನ್ನೊಂದೆಡೆ ಜಾತಿಭ್ರಂಶವೆಂಬ ಗುರುತರವಾದ ದೋಷವನ್ನೂ ಹೇಳಿರುವುದರಿಂದ, ಏಕವಾಕ್ಯತೆಯ ಕಷ್ಟವು ಕ್ರೈಸ್ತವೇದಕ್ಕೆ ಮಾತ್ರ ಸೀಮಿತವಲ್ಲವೆಂಬುದೂ ವ್ಯಕ್ತವಾಗುವುದು.

ಪಾಪವೆಂದು ನಂಬುವವನೂ ನೆರೆಯವನನ್ನು ಸೆರೆಮನೆಗೆ ಕಳುಹಿಸಲೊಪ್ಪದಿರಬಹುದೆಂಬುದು ಇದರಿಂದ ಸಿದ್ಧವಾಯಿತು. ಆದರೆ ವಾದವು ಅಲ್ಲಿಗೆ ಮುಗಿಯಲಿಲ್ಲ. 2023ರ ಡಿಸೆಂಬರ್ 18ರಂದು ರೋಮಿನಿಂದ ಹೊರಟ ಘೋಷಣೆಯು, ವಿವಾಹತತ್ತ್ವವನ್ನು ಬದಲಿಸದೆ, ಸಲಿಂಗಜೋಡಿಗಳಿಗೆ ಪೂಜಾವಿಧಿಯ ಹೊರಗೆ ಆಶೀರ್ವಾದವನ್ನು ನೀಡಬಹುದೆಂದಿತು. ಅದನ್ನು ಆಫ್ರಿಕದ ಬಿಷಪ್ಪರು ಬಹುಮಟ್ಟಿಗೆ ಒಪ್ಪಲಿಲ್ಲ. ರಾಜದಂಡವು ಹಿಂದೆಗೆದ ಮೇಲೆ ಉಳಿಯುವುದು ಮನೆಯ ಬಾಗಿಲು, ಊಟದ ಪಂಕ್ತಿ, ದೇವಾಲಯದ ಆಸನ. ಪ್ರೀತಿಯ ಪ್ರಮಾಣವನ್ನು ಇನ್ನು ಅಲ್ಲಿಯೇ ನೋಡಬೇಕು.

ಸಾಹಿತ್ಯದ ಅಧ್ಯಾಪಕರಿಗೂ ಇದರಲ್ಲಿ ಒಂದು ಹೊಣೆಯಿದೆ. ಕನ್ನಡದಲ್ಲಿ 'ಸಲಿಂಗಕಾಮ'ವೆಂದರೆ ಕ್ರಿಯೆಯು ಮುಂದಾಗುವುದು. 'ಸಲಿಂಗಪ್ರೇಮ'ವೆಂದರೆ ಹೃದಯವು ಮುಂದಾಗುವುದು. ಮೊದಲನೆಯದು ಪೂರ್ವಪಕ್ಷಕ್ಕೂ ಎರಡನೆಯದು ಪ್ರತಿಪಕ್ಷಕ್ಕೂ ವಾದಕ್ಕೆ ಮುಂಚೆಯೇ ಜಯವನ್ನು ಕೊಡತಕ್ಕವು. ಪಾಠ ಹೇಳುವವರು ಈ ಭೇದವನ್ನು ಬಾಯಿಬಿಟ್ಟು ತಿಳಿಸಿ ಅನಂತರ ವಿಚಾರಕ್ಕೆ ತೊಡಗುವುದು ನ್ಯಾಯ. ಏಕೆಂದರೆ ತರಗತಿಯಲ್ಲಿ ಸುಮ್ಮನೆ ಕುಳಿತು ಕೇಳುತ್ತಿರುವವರಲ್ಲಿ ಈ ಶಬ್ದವು ತನ್ನನ್ನೇ ಕುರಿತದ್ದೆಂದು ಅರಿತವನೊಬ್ಬನು ಇರಬಹುದು.